ರಾಜರೇ ಇಲ್ಲದ ಕಾಲದಲ್ಲಿ ಯೇಸುವನ್ನು ರಾಜ ಅನ್ನುತ್ತೀರಲ್ಲ, ದಿನನಿತ್ಯದ ಬದುಕಿನಲ್ಲಿ ಅದರ ಅರ್ಥವೇನು?

ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಕುಚೋದ್ಯ ಇದೆ ಅನ್ನಿಸಿತು. ಪರವಾಗಿಲ್ಲ. ನಾನು ಕಥೋಲಿಕ, ಹಾಸನದ ಕಡೆ ಒಂದು ಬೇಕರಿ ಇಟ್ಟುಕೊಂಡಿದ್ದೇನೆ. ದೇವಶಾಸ್ತ್ರ ಓದಿದವನಲ್ಲ.

ಯೇಸುವನ್ನು ರಾಜ ಅಂತ ಕೊಂಡಾಡುವ ಕ್ರಿಸ್ತರಾಜರ ಹಬ್ಬ ತೀರಾ ಹಳೆಯದೇನಲ್ಲ. ಅದನ್ನು ಶುರುಮಾಡಿದ್ದು ಹನ್ನೊಂದನೇ ಪಿಯುಸ್ ಪೋಪ್, 1925ರಲ್ಲಿ. ಅಷ್ಟರಲ್ಲಿ ರಷ್ಯಾ, ಜರ್ಮನಿ, ಆಸ್ಟ್ರಿಯಾದ ಸಿಂಹಾಸನಗಳು ಉರುಳಿದ್ದವು, ಇಟಲಿಯಲ್ಲಿ ಮುಸೊಲಿನಿ ಮೆರೆಯುತ್ತಿದ್ದ. ಒಂದು ಕಡೆ ರಾಜರು ಹೋಗಿ, ಇನ್ನೊಂದು ಕಡೆ ಸರ್ವಾಧಿಕಾರಿ ಬಂದ ಹೊತ್ತಿನಲ್ಲಿ ಹುಟ್ಟಿದ ಹಬ್ಬ ಇದು. ಈಗ ನವೆಂಬರ್ 20ರಿಂದ 26ರೊಳಗಿನ ಭಾನುವಾರ ಬರುತ್ತದೆ.

ಅವತ್ತಿನ ಪೂಜೆಯಲ್ಲಿ ಸಿಂಹಾಸನ, ಸೈನ್ಯದ ವರ್ಣನೆ ಓದುತ್ತಾರೆ ಅಂದುಕೊಂಡರೆ ತಪ್ಪು. ಓದುವ ಶುಭಸಂದೇಶ, ಅಂದರೆ ಬೈಬಲ್ಲಿನ ಯೇಸುವಿನ ಕಥೆಯ ಭಾಗ, ಮೂರು ವರ್ಷಕ್ಕೊಂದು ಸುತ್ತು. ಒಂದು ವರ್ಷ, ರೋಮನ್ ಅಧಿಕಾರಿ ಪಿಲಾತನ ಮುಂದೆ ಕೈದಿಯಾಗಿ ನಿಂತ ಯೇಸು 'ನನ್ನ ರಾಜ್ಯ ಈ ಲೋಕದ್ದಲ್ಲ' ಅನ್ನುವುದು. ಇನ್ನೊಂದು ವರ್ಷ, ಶಿಲುಬೆಯಲ್ಲಿ ಸಾಯುತ್ತಾ ಪಕ್ಕದ ಅಪರಾಧಿಗೆ ಸ್ವರ್ಗದ ಮಾತು ಕೊಡುವುದು. ಮತ್ತೊಂದು ವರ್ಷ, ಕೊನೆಯ ತೀರ್ಪಿನಲ್ಲಿ ರಾಜನ ಮಾತು: ನಾನು ಹಸಿದಿದ್ದೆ, ಊಟ ಕೊಟ್ಟಿರಿ. ಇಂಥ ರಾಜನನ್ನು ಒಪ್ಪಿಕೊಂಡರೂ ತೆರಿಗೆ ಕಟ್ಟುವುದು, ವೋಟು ಹಾಕುವುದು ಎಲ್ಲ ನಿಮ್ಮ ಹಾಗೇ ಮಾಡುತ್ತೇನೆ (ಜಿಎಸ್‌ಟಿ ಕಟ್ಟುವಾಗ ಗೊಣಗುವುದೂ ಸೇರಿ). ಅದರಲ್ಲೇನೂ ವ್ಯತ್ಯಾಸವಿಲ್ಲ.

ನನಗೆ ವ್ಯತ್ಯಾಸ ಗೊತ್ತಾಗಿದ್ದು ತಕ್ಕಡಿ ಹತ್ತಿರ.

ಸ್ವೀಟ್ ಡಬ್ಬಿ ಇರುತ್ತಲ್ಲ, ರಟ್ಟಿನದು. ನಮ್ಮಲ್ಲಿ ಒಂದು ಕೆ.ಜಿ. ಡಬ್ಬಿಯೇ 80 ಗ್ರಾಂ ತೂಗುತ್ತದೆ. ಡಬ್ಬಿ ಸಮೇತ ತೂಗಿದರೆ, ಕೆ.ಜಿ.ಗೆ 600 ರೂಪಾಯಿಯ ಮೈಸೂರ್‌ಪಾಕ್ ಲೆಕ್ಕದಲ್ಲಿ 48 ರೂಪಾಯಿ ಬರೀ ರಟ್ಟಿಗೆ. ಕಾನೂನು ಬೇಡ ಅನ್ನುತ್ತದೆ. ಆದರೆ ತಕ್ಕಡಿಗೆ ಮುದ್ರೆ ಹಾಕಲು ಅಧಿಕಾರಿ ಬರುವುದು ವರ್ಷಕ್ಕೊಮ್ಮೆ, ಗಿರಾಕಿ ಕೇಳುವುದಿಲ್ಲ. ನಾನೂ ವರ್ಷಗಟ್ಟಲೆ ಹಾಗೇ ತೂಗಿದೆ. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ಯೇಸು ಕಲಿಸಿದ ಪ್ರಾರ್ಥನೆಯ 'ನಿಮ್ಮ ರಾಜ್ಯ ಬರಲಿ' ಅಂತ ಗಟ್ಟಿಯಾಗಿ ಹೇಳುತ್ತಲೂ ಇದ್ದೆ.

ಒಂದು ಸಲ ಜಕ್ಕಾಯನ ಪ್ರಸಂಗ ಓದಿದರು. ಸುಂಕದವನು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುತ್ತಾನಲ್ಲ, ಆ ಕಥೆ. ಮುಂದೆ ಫಾದರ್ ಏನು ಪ್ರವಚನ ಮಾಡಿದರೋ ನನಗೆ ಕೇಳಿಸಲೇ ಇಲ್ಲ. ನಾಲ್ಕರಷ್ಟು ಅಂದರೆ ಡಬ್ಬಿಗೆ 192 ರೂಪಾಯಿ. ವರ್ಷಕ್ಕೆ ಎಷ್ಟು ಡಬ್ಬಿ? ಅಲ್ಲಿಗೆ ಲೆಕ್ಕ ನಿಲ್ಲಿಸಿದೆ, ಧೈರ್ಯ ಸಾಲಲಿಲ್ಲ. ಯಾರಿಗೆ ಅಂತ ಹಿಂತಿರುಗಿಸುವುದು? ಫಾದರ್ ಹತ್ತಿರ ಪಾಪನಿವೇದನೆಯಲ್ಲಿ ಹೇಳಿಕೊಂಡೆ, ಒಂದಿಷ್ಟು ದುಡ್ಡು ಬಡವರ ಊಟಕ್ಕೆ ಹೋಯಿತು. ನಾಲ್ಕರಷ್ಟಂತೂ ಅಲ್ಲ.

ಮರುದಿನದಿಂದ ಖಾಲಿ ಡಬ್ಬಿ ಇಟ್ಟು, ಡಬ್ಬಿಯ ತೂಕ ಕಳೆಯುವ ಟೇರ್ ಬಟನ್ ಒತ್ತಿ, ಸೊನ್ನೆ ಬಂದ ಮೇಲೇ ತುಂಬುವುದು. ಪಕ್ಕದ ಅಂಗಡಿಯವರಿಗಿಂತ ರೇಟು ಹತ್ತು ರೂಪಾಯಿ ಜಾಸ್ತಿ ಮಾಡಬೇಕಾಯಿತು, ಒಂದಷ್ಟು ಗಿರಾಕಿಗಳು ಹೋದರು. ನಿಜ ಹೇಳಬೇಕೆಂದರೆ ಬೇಜಾರಾಯಿತು. ರಾಜನ ಆಳ್ವಿಕೆಗೆ ಒಳಪಟ್ಟ ಸಂತೋಷ ಗಿಂತೋಷ ಏನೂ ಇರಲಿಲ್ಲ.

ಹೋದ ದೀಪಾವಳಿಯಲ್ಲಿ ಅಂಗಡಿ ತುಂಬ ಜನ. ಕೆಲಸದ ಹುಡುಗ ಡಬ್ಬಿ ಸಮೇತ ತೂಗಲು ಇಟ್ಟವನು ತಟ್ಟನೆ ನನ್ನ ಕಡೆ ತಿರುಗಿ, "ಅಣ್ಣಾ, ಇವತ್ತೂ ಸೊನ್ನೆ ಮಾಡ್ಬೇಕಾ?" ಅಂದ. ನಾನು ಒಂದು ಕ್ಷಣ ತಡವರಿಸಿದೆ. ಅಷ್ಟರಲ್ಲಿ ಅವನೇ ಬಟನ್ ಒತ್ತಿದ್ದ.