ದಾಳಿಂಬೆ ಸಿಪ್ಪೆ ಪ್ರಾಜೆಕ್ಟ್: ಯಾವ ತೋಟದ ಹಣ್ಣು ಅಂತ ಮೊದಲು ಕೇಳಿ

ದಾವಣಗೆರೆಯಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಕೊನೆ ಸೆಮಿಸ್ಟರ್ ಓದುವಾಗ, ಹಣ್ಣಿನ ಸಿಪ್ಪೆಯ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದಾ ಅಂತ ನೋಡುವ ಪ್ರಾಜೆಕ್ಟ್ ನಾನೂ ಮಾಡಿದ್ದೆ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಕೇಳುತ್ತಾ ನೀವು ಕೊಟ್ಟಿರುವ ಪಟ್ಟಿ ಕೂಡ ಹೆಚ್ಚುಕಮ್ಮಿ ನನ್ನದೇ: ಕಿತ್ತಳೆ, ಮೂಸಂಬಿ, ಬಾಳೆ, ಮಾವು, ದಾಳಿಂಬೆ. ಇದರಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡ ಝೋನ್ (ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ಉಳಿಯುವ ವೃತ್ತ) ಕೊಡುತ್ತದೆ, ಯಾವುದನ್ನು ನೈಸರ್ಗಿಕ ಆಂಟಿಬಯಾಟಿಕ್ ಅಂತ ಬರೆಯಬಹುದು ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಶುರು ಮಾಡಿದ್ದೆ. ದಾಳಿಂಬೆ ಅಂತ ಉತ್ತರವೂ ಸಿಕ್ಕಿತ್ತು. ಆಮೇಲೆ ಆ ಉತ್ತರವನ್ನು ವರದಿಯಿಂದ ತೆಗೆಯಬೇಕಾಯಿತು.

ನನ್ನ ಸೋದರಮಾವನ ತೋಟ ಹಿರಿಯೂರು ಕಡೆ ಇದೆ. ಭಗವಾ ತಳಿಯ ದಾಳಿಂಬೆ. ಆ ವರ್ಷ ಮಳೆಗಾಲದಲ್ಲಿ ದುಂಡಾಣು ಅಂಗಮಾರಿ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ರೋಗ, ಜೋರಾಗಿ ಬಂದಿತ್ತು. ಹಣ್ಣಿನ ಮೇಲೆ ಕಪ್ಪು ಕಲೆ, ಕಲೆಯ ಮೇಲೆ ಸೀಳು. ಅಂಥ ಹಣ್ಣನ್ನು ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ. ಬದುವಿನ ಮೇಲೆ ರಾಶಿ ಬಿದ್ದಿತ್ತು. ಅದರಲ್ಲೇ ಕಲೆ ಕಡಿಮೆ ಇದ್ದ ಹಣ್ಣು ಆರಿಸಿ, ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ದಾವಣಗೆರೆಗೆ ತಂದೆ. ಬೇರೆ ಸಿಪ್ಪೆಗಳನ್ನು ಜಯದೇವ ಸರ್ಕಲ್ ಹತ್ತಿರದ ಜ್ಯೂಸ್ ಅಂಗಡಿಯಲ್ಲಿ ಕೇಳಿ ತಂದಿದ್ದೆ.

ಮುಂದಿನದೆಲ್ಲ ನಿಮಗೆ ಗೊತ್ತಿರುವ ಕೆಲಸ. ಸುಲಿದ ಸಿಪ್ಪೆಗೆ ಒಂದು ಸಲ ನಲ್ಲಿ ನೀರು ತೋರಿಸಿದೆ. ನೆರಳಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ, ಜರಡಿ ಹಿಡಿದೆ. ಅರ್ಧ ಪುಡಿ ನೀರಿನಲ್ಲಿ, ಅರ್ಧ ಪುಡಿ ಆಲ್ಕೋಹಾಲ್‌ನಲ್ಲಿ. ಶೇಕರ್ ಮೇಲೆ ರಾತ್ರಿಯಿಡೀ ಇಟ್ಟು, ವಾಟ್‌ಮನ್ ಪೇಪರ್‌ನಲ್ಲಿ ಸೋಸಿ, ವಾಟರ್ ಬಾತ್ ಮೇಲೆ ಆರಿಸಿ, ಉಳಿದ ಗಸಿಯನ್ನು ತೂಕ ಮಾಡಿದೆ. ಬ್ಯಾಕ್ಟೀರಿಯಾ ಬೆಳೆಸಲು ಮುಲ್ಲರ್ ಹಿಂಟನ್ ಅಗಾರ್, ಸಾರ ಹಾಕಲು ಅದರಲ್ಲಿ 6 ಮಿಲಿಮೀಟರ್ ವೆಲ್ (ಗುಂಡಿ). ಬರೀ ಸಾಲ್ವೆಂಟ್ (ಸಾರ ಕರಗಿಸುವ ದ್ರವ) ಹಾಕಿದ ವೆಲ್ ಪಕ್ಕದಲ್ಲೇ ಇತ್ತು. ನಮ್ಮ ಗೈಡ್ ಮೇಡಂ ಅದಿಲ್ಲದೆ ಪ್ಲೇಟ್ ಮುಟ್ಟಲೂ ಬಿಡುತ್ತಿರಲಿಲ್ಲ. ಅಂದರೆ ಪ್ರಯೋಗದಲ್ಲಿ ಪುಸ್ತಕದ ಪ್ರಕಾರ ಯಾವ ಕೊರತೆಯೂ ಕಾಣುತ್ತಿರಲಿಲ್ಲ.

ದಾಳಿಂಬೆ ಝೋನ್ ಉಳಿದ ಎಲ್ಲದಕ್ಕಿಂತ ದೊಡ್ಡದಾಗಿ ಬಂತು. ಸ್ಟ್ಯಾಫಿಲೋಕಾಕಸ್ ಆರಿಯಸ್ (ಸ್ಟ್ಯಾಫ್) ಅನ್ನುವ ಬ್ಯಾಕ್ಟೀರಿಯಾ ಮೇಲೆ ಚೆನ್ನಾಗಿತ್ತು. ಇ. ಕೋಲಿ ಮೇಲೆ ಇನ್ನೂ ಚೆನ್ನಾಗಿತ್ತು, ಅದೂ ನೀರಿನ ಸಾರದಲ್ಲಿ. ನಾನು ಸ್ಕೇಲ್ ಇಟ್ಟು ಅಳೆದು, ಫೋಟೋ ತೆಗೆದು, ಗ್ರಾಫ್ ಕೂಡ ಹಾಕಿಬಿಟ್ಟೆ.

ಮೇಡಂ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು. "ನಿಂದು ಯಾಕೆ ಉಲ್ಟಾ ಬಂದಿದೆ?"

ಈ ಉಲ್ಟಾ ಏನು ಅಂತ ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ದಾಳಿಂಬೆ ಸಿಪ್ಪೆಯ ಒಗರಿಗೆ ಕಾರಣ ಟ್ಯಾನಿನ್‌ಗಳು. ಅದರಲ್ಲಿ ಮುಖ್ಯವಾದದ್ದು ಪ್ಯೂನಿಕಾಲಾಜಿನ್. ಸೂಕ್ಷ್ಮಜೀವಿಯ ಮೇಲೆ ಕೆಲಸ ಮಾಡುವುದರಲ್ಲಿ ಇದರ ಪಾಲು ದೊಡ್ಡದು. ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಎರಡು ಗುಂಪಾಗುತ್ತವೆ. ಸ್ಟ್ಯಾಫ್ ಗ್ರಾಂ ಪಾಸಿಟಿವ್. ಇ. ಕೋಲಿ ಗ್ರಾಂ ನೆಗೆಟಿವ್, ಅದಕ್ಕೆ ಹೊರಗೆ ಇನ್ನೊಂದು ಪೊರೆ ಇದೆ. ದೊಡ್ಡ ಅಣುಗಳನ್ನು ಆ ಪೊರೆ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅದಕ್ಕೇ ಗಿಡಮೂಲದ ಸಾರಗಳು ಸಾಮಾನ್ಯವಾಗಿ ಸ್ಟ್ಯಾಫ್ ಮೇಲೆ ಜಾಸ್ತಿ, ಇ. ಕೋಲಿ ಮೇಲೆ ಕಡಿಮೆ ಕೆಲಸ ಮಾಡುತ್ತವೆ. ನನ್ನ ಪ್ಲೇಟ್ ಇದಕ್ಕೆ ವಿರುದ್ಧ ಹೇಳುತ್ತಿತ್ತು. ಆಲ್ಕೋಹಾಲ್ ಸಾರಕ್ಕಿಂತ ನೀರಿನ ಸಾರ ಜೋರಾಗಿತ್ತು ಅನ್ನುವುದನ್ನೂ ನಾನು ಗಮನಿಸಿದ್ದೆ, ಆದರೆ ಯೋಚಿಸಿರಲಿಲ್ಲ. ಝೋನ್ ದೊಡ್ಡದು ಬಂತಲ್ಲ, ಅಷ್ಟೇ ಸಾಕು ಅನ್ನಿಸಿತ್ತು.

ಬೇರೆ ಹಣ್ಣಿನಲ್ಲಿ ಮತ್ತೆ ಮಾಡು ಅಂದರು ಮೇಡಂ. ಮಾರ್ಕೆಟ್‌ನಿಂದ ಹಣ್ಣು ತಂದು ಮಾಡಿದೆ. ಸ್ಟ್ಯಾಫ್ ಝೋನ್ ಪರವಾಗಿಲ್ಲ ಅನ್ನುವಷ್ಟು ಬಂತು. ಇ. ಕೋಲಿ ಮೇಲೆ ವೆಲ್ ಸುತ್ತ ತೆಳ್ಳಗಿನ ಒಂದು ಗೆರೆ ಮಾತ್ರ. ಆವತ್ತು ಸಂಜೆ ಮಾವನಿಗೆ ಫೋನ್ ಮಾಡಿದೆ.

"ಮಾವ, ಆ ಹಣ್ಣಿಗೆ ಏನು ಔಷಧಿ ಹೊಡೆದಿದ್ರಿ?"

"ಅಂಗಮಾರಿಗೆ ಇನ್ನೇನು ಹೊಡೀತಾರಪ್ಪ? ಸ್ಟ್ರೆಪ್ಟೋಸೈಕ್ಲಿನ್, ಅದರ ಜೊತೆ ಸಿಓಸಿ. ಮಳೆ ಬಿಟ್ಟಾಗೆಲ್ಲ ಹೊಡೆದಿದ್ದೀವಿ."

ಸ್ಟ್ರೆಪ್ಟೋಸೈಕ್ಲಿನ್ ಅಂದರೆ 90 ಭಾಗ ಸ್ಟ್ರೆಪ್ಟೋಮೈಸಿನ್ ಸಲ್ಫೇಟ್, 10 ಭಾಗ ಟೆಟ್ರಾಸೈಕ್ಲಿನ್. ಎರಡೂ ಆಂಟಿಬಯಾಟಿಕ್. ಸ್ಟ್ರೆಪ್ಟೋಮೈಸಿನ್ ಕ್ಷಯಕ್ಕೆ ಕೊಡುತ್ತಿದ್ದ ಔಷಧಿ. ಗ್ರಾಂ ನೆಗೆಟಿವ್ ಮೇಲೆ ಅದಕ್ಕೆ ಒಳ್ಳೆ ಹಿಡಿತ ಇದೆ. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಆಲ್ಕೋಹಾಲ್‌ನಲ್ಲಿ ಹೆಚ್ಚು ಕರಗುವುದಿಲ್ಲ. ನನ್ನ ನೀರಿನ ಸಾರ ಯಾಕೆ ಜೋರಾಗಿತ್ತು, ಇ. ಕೋಲಿ ಯಾಕೆ ಅಷ್ಟು ಸುಲಭಕ್ಕೆ ಸೋತಿತು ಅನ್ನುವ ಎರಡಕ್ಕೂ ಇದು ಸರಿಯಾಗಿ ಹೊಂದುತ್ತದೆ. ಸಿಓಸಿ ಅಂದರೆ ಕಾಪರ್ ಆಕ್ಸಿಕ್ಲೋರೈಡ್. ತಾಮ್ರವೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬರೀ ನೀರಿನಲ್ಲಿ ಅದು ಹೆಚ್ಚು ಕರಗುವುದಿಲ್ಲ, ಆದರೆ ದಾಳಿಂಬೆ ಸಿಪ್ಪೆಯ ಸಾರ ಹುಳಿ ಇರುವುದರಿಂದ ಅದರಲ್ಲಿ ಕರಗುವುದಕ್ಕೆ ದಾರಿ ಸಿಗುತ್ತದೆ.

ಹಣ್ಣಿನ ಮೇಲೆ ಉಳಿದ ಅಷ್ಟು ಚೂರಿನಿಂದ ಏನಾಗುತ್ತೆ ಅಂತ ನಾನೂ ವಾದ ಮಾಡಿದ್ದೆ. ಮೇಡಂ ಲೆಕ್ಕ ಹಾಕಿಸಿದರು. ತೋಟದಲ್ಲಿ ಲೀಟರ್ ನೀರಿಗೆ ಅರ್ಧ ಗ್ರಾಂ ಸ್ಟ್ರೆಪ್ಟೋಸೈಕ್ಲಿನ್ ಬೆರೆಸುವುದು ಆಗ ರೂಢಿಯಾಗಿತ್ತು. ಅಂದರೆ ಒಂದು ಮಿಲೀಯಲ್ಲಿ 500 ಮೈಕ್ರೋಗ್ರಾಂ. ಅದರಲ್ಲಿ 450 ಸ್ಟ್ರೆಪ್ಟೋಮೈಸಿನ್ ಸಲ್ಫೇಟ್. ಲ್ಯಾಬ್‌ನಲ್ಲಿ ನಾವು ಇಡುವ ಸ್ಟ್ರೆಪ್ಟೋಮೈಸಿನ್ ಡಿಸ್ಕ್‌ನಲ್ಲಿ (ಔಷಧಿ ಹೀರಿಸಿದ ಕಾಗದದ ಬಿಲ್ಲೆ) ಇರುವುದು 10 ಮೈಕ್ರೋಗ್ರಾಂ. ಅಷ್ಟಕ್ಕೇ ಇ. ಕೋಲಿ ಮೇಲೆ ಸ್ಪಷ್ಟ ಝೋನ್ ಬರುತ್ತದೆ. ಹಣ್ಣಿನ ಮೇಲೆ ಒಂದೇ ಒಂದು ಮಿಲೀ ದ್ರಾವಣ ಒಣಗಿದರೂ ಸುಮಾರು 40 ಡಿಸ್ಕ್‌ಗೆ ಆಗುವಷ್ಟು ಔಷಧಿ ಅಲ್ಲಿ ಕೂತಿರುತ್ತದೆ. ಬಿಸಿಲಿಗೆ, ಮಳೆಗೆ ಒಂದಷ್ಟು ಹೋಗುತ್ತದೆ, ನಿಜ. ಆದರೆ ನಾವು ಮಾಡುವುದೇನು? ಎಷ್ಟೋ ಹಣ್ಣಿನ ಸಿಪ್ಪೆಯನ್ನು ಒಟ್ಟುಗೂಡಿಸಿ, ನೀರನ್ನೆಲ್ಲ ಆರಿಸಿ, ಗಟ್ಟಿ ಮಾಡುತ್ತೇವೆ. ಉಳಿದದ್ದೂ ಗಟ್ಟಿಯಾಗಿಯೇ ಸಿಗುತ್ತದೆ.

ಸಾಲ್ವೆಂಟ್ ವೆಲ್ ಇದನ್ನು ಹಿಡಿಯಲಾರದು. ಅದು ನೀವು ಸೇರಿಸಿದ ದ್ರವದ ಬಗ್ಗೆ ಮಾತ್ರ ಹೇಳುತ್ತದೆ. ಸಿಪ್ಪೆಯ ಜೊತೆ ಬಂದದ್ದರ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನೂ ಬೇಸರದ ವಿಷಯ ಅಂದರೆ, ಮೊದಲ ಪುಡಿಯನ್ನು ನಾನು ಪೂರ್ತಿ ಖರ್ಚು ಮಾಡಿದ್ದೆ. ಒಂದು ಚಮಚ ಎತ್ತಿಟ್ಟಿದ್ದರೂ ತಾಮ್ರದ ಪರೀಕ್ಷೆ ಮಾಡಿಸಬಹುದಿತ್ತು. ಹಣ್ಣು ಯಾವಾಗ ಕಿತ್ತದ್ದು, ಕೊನೆ ಸಲ ಯಾವಾಗ ಔಷಧಿ ಹೊಡೆದದ್ದು ಅಂತ ನೋಟ್‌ಬುಕ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಹಾಗಾಗಿ ಔಷಧಿಯಿಂದಲೇ ಆಯಿತು ಅಂತ ತೋರಿಸುವುದಕ್ಕೂ ಆಗಲಿಲ್ಲ, ಸಿಪ್ಪೆಯಿಂದಲೇ ಆಯಿತು ಅಂತ ಬರೆಯುವುದಕ್ಕೂ ಆಗಲಿಲ್ಲ. ಮಾರ್ಕೆಟ್ ಹಣ್ಣಿನ ಸಣ್ಣ ಫಲಿತಾಂಶ ಹಾಕಿ ವರದಿ ಮುಗಿಸಿದೆ. ಮಾವನ ತೋಟದ ಪುಟಗಳು ಹೊರಗೆ ಹೋದವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಆ ಪ್ರಶ್ನೆಯನ್ನೇ ಬಿಡಬೇಕು. ಐದು ಸಿಪ್ಪೆಯ ಝೋನ್ ಅಳೆದು ದೊಡ್ಡದಕ್ಕೆ ಮೊದಲ ಸ್ಥಾನ ಕೊಡುವುದು ನ್ಯಾಯವಾದ ಹೋಲಿಕೆ ಅಲ್ಲ. ಝೋನ್ ಅಳೆಯುವುದು ಶಕ್ತಿಯನ್ನು ಮಾತ್ರ ಅಲ್ಲ, ಅಗಾರ್ ಒಳಗೆ ಹರಡುವ ವೇಗವನ್ನೂ ಸೇರಿಸಿ ಅಳೆಯುತ್ತದೆ. ಪ್ಯೂನಿಕಾಲಾಜಿನ್ ಅಣುತೂಕ 1,080ಕ್ಕೂ ಮೇಲೆ, ಅದು ನಿಧಾನಕ್ಕೆ ಹರಡುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್ 136 ಅಷ್ಟೇ, ಆದರೆ ಅದು ನೀರಿಗೆ ಬೆರೆಯುವುದಿಲ್ಲ, ಮೇಲಾಗಿ ಆವಿಯಾಗಿ ಹೋಗುತ್ತದೆ. ನಿಂಬೆ ಜಾತಿಯ ಸಿಪ್ಪೆಯಲ್ಲಿ ರಸ ಉಳಿದಿದ್ದರೆ ಬರೀ ಹುಳಿಯಿಂದಲೇ ಝೋನ್ ಬರಬಹುದು. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಇಟ್ಟು ಓಟದ ಸ್ಪರ್ಧೆ ಮಾಡಿದರೆ ಬರುವ ಅಂಕಿಗೆ ಅರ್ಥವಿಲ್ಲ.

ಕಿರ್ಬಿ ಮತ್ತು ಬಾಯರ್ 1966ರಲ್ಲಿ ಡಿಸ್ಕ್ ವಿಧಾನವನ್ನು ಒಂದು ಅಳತೆಗೆ ತಂದದ್ದು ಶುದ್ಧ ಆಂಟಿಬಯಾಟಿಕ್‌ಗಳಿಗೆ. ಡಿಸ್ಕ್‌ನಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಅಂತ ಗೊತ್ತಿರುತ್ತದೆ. ನಮ್ಮ ಸಿಪ್ಪೆ ಸಾರ ನೂರಾರು ಪದಾರ್ಥಗಳ ಮಿಶ್ರಣ. ಹೋಲಿಕೆ ಬೇಕೇ ಬೇಕು ಅಂದರೆ ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ, ನೋಡುವ ಪರೀಕ್ಷೆ ಮಾಡಿ. ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಸಾರವನ್ನು ಅರ್ಧರ್ಧ ಇಳಿಸುತ್ತಾ ಹೋಗಿ, ಎಷ್ಟರಲ್ಲಿ ಬೆಳವಣಿಗೆ ನಿಂತಿತು ಅಂತ ನೋಡುವುದು. ನಿಮ್ಮ ಲ್ಯಾಬ್‌ನಲ್ಲಿ 96 ವೆಲ್ ಪ್ಲೇಟ್ ಇಲ್ಲದಿದ್ದರೆ ಟೆಸ್ಟ್ ಟ್ಯೂಬ್ ಸಾಕು. ದಾಳಿಂಬೆ ಸಾರದ ಬಣ್ಣದಲ್ಲಿ ಕದಡು ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಪ್ರತಿ ಟ್ಯೂಬಿನಿಂದ ಒಂದು ಲೂಪ್ (ತಂತಿಯ ಕುಣಿಕೆ) ತುಂಬ ತೆಗೆದು ಬರೀ ಅಗಾರ್ ಮೇಲೆ ಎಳೆದು ನೋಡಿ. ಜೀವ ಇದ್ದರೆ ಮಾರನೇ ದಿನ ಬೆಳೆದಿರುತ್ತದೆ. ಆದರೆ ಹೀಗೆ ಸಿಗುವುದು ಕೊಲ್ಲುವ ಪ್ರಮಾಣ, ಬೆಳವಣಿಗೆ ನಿಲ್ಲಿಸುವ ಪ್ರಮಾಣ ಅದಕ್ಕಿಂತ ಕಡಿಮೆ ಇರಬಹುದು. ಹಾಕುವ ಬ್ಯಾಕ್ಟೀರಿಯಾದ ಪ್ರಮಾಣ ಮಾತ್ರ ಅಂದಾಜಿಗೆ ಬೇಡ. ಕದಡಿನ ಅಳತೆಯಾದ 0.5 ಮ್ಯಾಕ್‌ಫರ್ಲ್ಯಾಂಡ್‌ಗೆ ಹೊಂದಿಸಿ, ಅಂದರೆ ಮಿಲೀಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ, ಅಲ್ಲಿಂದ ಇಳಿಸಿಕೊಳ್ಳಿ.

ಆಗ ಇನ್ನೊಂದು ವಿಷಯವೂ ಕಾಣುತ್ತದೆ. ಒಳ್ಳೆ ಆಂಟಿಬಯಾಟಿಕ್ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಸಿಪ್ಪೆಯ ಕಚ್ಚಾ ಸಾರಕ್ಕೆ ಬಹಳ ಸಲ ಮಿಲಿಗ್ರಾಂ ಲೆಕ್ಕ ಬೇಕು. ಸಾವಿರ ಪಟ್ಟಿನ ಅಂತರ ಅದು. ಆದ್ದರಿಂದ ಶೀರ್ಷಿಕೆಯಲ್ಲಿ ನೈಸರ್ಗಿಕ ಆಂಟಿಬಯಾಟಿಕ್ ಅಂತ ಬರೆಯಬೇಡಿ. ಸಿಪ್ಪೆ ಸಾರದ ಸೂಕ್ಷ್ಮಜೀವಿ ತಡೆಯುವ ಗುಣ ಅಂತ ಬರೆದರೆ ಸಾಕು, ಅದೇನೂ ಸಣ್ಣ ವಿಷಯ ಅಲ್ಲ. ದಾಳಿಂಬೆ ಸಿಪ್ಪೆಗೆ ನಿಜವಾದ ಗುಣ ಇದೆ ಅಂತ ನಾನು ಈಗಲೂ ನಂಬುತ್ತೇನೆ. ಮಾರ್ಕೆಟ್ ಹಣ್ಣಿನಲ್ಲೂ ಸ್ಟ್ಯಾಫ್ ಹಿಂದೆ ಸರಿದಿತ್ತು, ಅದನ್ನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ಒಂದೇ ಸಿಪ್ಪೆ ಹಿಡಿಯಿರಿ. ನಾನಾದರೆ ದಾಳಿಂಬೆಯೇ ಅನ್ನುತ್ತೇನೆ. ಹಿರಿಯೂರು, ಹೊಸದುರ್ಗ ಪಕ್ಕದಲ್ಲೇ ಇವೆ. ಎರಡು ಮೂರು ತೋಟದ ಹಣ್ಣು ತನ್ನಿ. ಒಂದಾದರೂ ಔಷಧಿ ಹೊಡೆಯದ ಗಿಡದ್ದು ಇರಲಿ, ಯಾರದ್ದೋ ಮನೆ ಹಿತ್ತಲಿನ ಗಿಡವಾದರೂ ಪರವಾಗಿಲ್ಲ. ತೋಟದ ಹಣ್ಣಿಗೂ ಹಿತ್ತಲಿನ ಹಣ್ಣಿಗೂ ಫಲಿತಾಂಶ ಬೇರೆ ಬರುತ್ತದಾ ಅನ್ನುವುದೇ ನಿಮ್ಮ ಪ್ರಾಜೆಕ್ಟ್ ಆಗಬಹುದು. ಐದು ಸಿಪ್ಪೆಯ ಪಟ್ಟಿಗಿಂತ ಇದು ಎಷ್ಟೋ ಮೇಲು.

ಸುಲಿಯುವ ಮೊದಲೇ ಇಡೀ ಹಣ್ಣನ್ನು ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಸೀಳಿದ ಹಣ್ಣು ಬೇಡ, ಸೀಳಿನಿಂದ ಟ್ಯಾನಿನ್ ನೀರಿಗೆ ಇಳಿದು ಗೊಂದಲ ಆಗುತ್ತದೆ. ಆ ತೊಳೆದ ನೀರನ್ನು ದಯವಿಟ್ಟು ಚೆಲ್ಲಬೇಡಿ. ಅದನ್ನೂ ಆರಿಸಿ ಗಟ್ಟಿ ಮಾಡಿ, ಸೋಸಿ, ಪಕ್ಕದ ವೆಲ್‌ಗೆ ಹಾಕಿ. ಅಲ್ಲಿ ಝೋನ್ ಬಂದರೆ ಹಣ್ಣಿನ ಮೇಲೆ ಏನೋ ಕೂತಿತ್ತು ಅಂತ ಅರ್ಥ. ತೊಟ್ಟಿನ ಎದುರು ತುದಿಯ ಕಿರೀಟದ ಒಳಗೆ ಔಷಧಿ ನೀರು ನಿಲ್ಲುತ್ತದೆ, ಅದನ್ನು ಕತ್ತರಿಸಿ ಬಿಸಾಕಿ. ಪುಡಿಯಲ್ಲಿ ಸ್ವಲ್ಪ ಒಂದು ಬಾಟಲಿಗೆ ಹಾಕಿ, ತೋಟ, ತಾರೀಖು, ಕೊನೆ ಸಿಂಪಡಣೆ ಬರೆದು, ಫ್ರಿಜ್‌ನಲ್ಲಿ ಎತ್ತಿಡಿ.

ಸ್ಟ್ಯಾಫ್ ಕಲ್ಚರ್ ಮನೆಗೆ ತರಬೇಡಿ, ಎಷ್ಟೇ ಆತುರ ಇದ್ದರೂ. ಮುಗಿದ ಪ್ಲೇಟ್‌ಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಿಯೇ ಎಸೆಯಿರಿ.

ತೋಟದವರನ್ನು ಔಷಧಿ ಬಗ್ಗೆ ಕೇಳುವುದಕ್ಕೆ ಸಂಕೋಚ ಬೇಡ. ತಪ್ಪು ಹುಡುಕಲು ಬಂದಿದ್ದೀರಿ ಅನ್ನಿಸದ ಹಾಗೆ ಕೇಳಿದರೆ ಹೇಳುತ್ತಾರೆ. ರಫ್ತಿಗೆ ಬೆಳೆಯುವವರ ಹತ್ತಿರ ಸಿಂಪಡಣೆಯ ಲೆಕ್ಕ ಬರೆದ ಪುಸ್ತಕವೇ ಇರುತ್ತದೆ. ಅದರ ಫೋಟೋ ತೆಗೆದುಕೊಂಡು, ಹಣ್ಣು ಕೀಳುವ ಮೊದಲೇ ನಿಮ್ಮ ಗೈಡ್‌ಗೆ ತೋರಿಸಿ.