ಅಮ್ಮನ ಶೇರು, ಮಗಳ ಓಟು

ಬ್ರಹ್ಮಾವರದ ನಿವೃತ್ತ ಶಿಕ್ಷಕಿಯೊಬ್ಬರು ನಮಗೊಂದು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಹೀಗಿದೆ. ಅವರ ಅಮ್ಮ ನಮ್ಮ ಕರಾವಳಿಯಲ್ಲೇ ಹುಟ್ಟಿದ ಒಂದು ಬ್ಯಾಂಕಿನ ಶೇರು ತೆಗೆದುಕೊಂಡಿದ್ದರು. ಅಮ್ಮನ ನಂತರ ಅದು ಮಗಳ ಹೆಸರಿಗೆ ಬಂತು. ಒಂದು ದಿನ ನೋಡಿದರೆ ಆ ಬ್ಯಾಂಕೇ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ (ಶೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಇಡುವ ಖಾತೆ) ಬೇರೊಂದು ಬ್ಯಾಂಕಿನ ಶೇರು, ಅದೂ ಮೊದಲಿಗಿಂತ ಕಡಿಮೆ. "ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ" ಎಂದು ಬರೆದಿದ್ದಾರೆ. ಕಂಪನಿ ಕಾನೂನಿನ ಬಗ್ಗೆ ಹೊರದೇಶಗಳಲ್ಲಿ ನಡೆಯುತ್ತಿರುವ ಸಂಶೋಧನೆ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನದ ಮೇಲೂ ಅವರಿಗೆ ಸಿಟ್ಟಿದೆ. ಆ ಪ್ರೊಫೆಸರುಗಳು ಏನು ಬರೆದರೆ ನಮಗೇನು, ಕಾನೂನು ಯಾವತ್ತೂ ದೊಡ್ಡವರ ಕಡೆಯೇ ಅಲ್ವಾ, ಅದನ್ನು ಬದಲಿಸಿದರೆ ಏನಾದರೂ ಆಗುತ್ತದಾ ಎಂಬುದು ಅವರ ಪ್ರಶ್ನೆ.

ಟೀಚರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮನ್ನು ಯಾಕೆ ಕೇಳಲಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ.

ಖಾಸಗಿ ಕಂಪನಿಯೊಂದು ಇನ್ನೊಂದರ ಜೊತೆ ವಿಲೀನ ಆಗಬೇಕಾದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಶೇರುದಾರರ ಓಟು ಬೇಕು. ಓಟು ಹಾಕಿದವರಲ್ಲಿ ಹೆಚ್ಚಿನವರು ಒಪ್ಪಬೇಕು. ಮೌಲ್ಯದ ಲೆಕ್ಕದಲ್ಲಿ ಅವರ ಕೈಯಲ್ಲಿ ಮುಕ್ಕಾಲು ಪಾಲು ಇರಬೇಕು. ಆಮೇಲೆ ಕಂಪನಿ ಕಾನೂನು ನ್ಯಾಯಮಂಡಳಿಯೂ ಒಪ್ಪಬೇಕು. ಆದರೆ ರಾಷ್ಟ್ರೀಕೃತ ಬ್ಯಾಂಕುಗಳು ಈ ಕಾಯ್ದೆಯ ಮಕ್ಕಳಲ್ಲ. 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಸರ್ಕಾರದ ಕೈಗೆ ಹೋದವು. ಅವುಗಳಿಗೆ 1970 ಮತ್ತು 1980ರ ಪ್ರತ್ಯೇಕ ಕಾಯ್ದೆಗಳಿವೆ. ಆ ಕಾಯ್ದೆಗಳ 9ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿನ ಜೊತೆ ಮಾತಾಡಿ ವಿಲೀನದ ಯೋಜನೆ ಹೊರಡಿಸಬಹುದು. ಅದನ್ನು ಸಂಸತ್ತಿನ ಮುಂದೆ ಇಡಬೇಕು, ಅಷ್ಟೇ. ಶೇರುದಾರರ ಓಟು ಬೇಕು ಎಂದು ಅಲ್ಲಿ ಬರೆದಿಲ್ಲ.

ಹಾಗಾಗಿಯೇ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಸರಿಯಾಗಿ ಒಂದು ವರ್ಷದ ನಂತರ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ವಿಜಯಾದ 1000 ಶೇರಿಗೆ ಬರೋಡಾದ 402 ಶೇರು ಸಿಕ್ಕಿತು. ಕಾರ್ಪೊರೇಷನ್ನಿನ 1000ಕ್ಕೆ 330, ಸಿಂಡಿಕೇಟಿನ 1000ಕ್ಕೆ 158. ಎರಡು ಬ್ಯಾಂಕುಗಳ ಶೇರಿನ ಬೆಲೆ ಬೇರೆ ಬೇರೆ ಇರುವುದರಿಂದ ಸಂಖ್ಯೆ ಕಡಿಮೆ ಆದ ಮಾತ್ರಕ್ಕೆ ಮೋಸ ಎನ್ನಲಾಗದು. ನನ್ನ ತಕರಾರು ಬೇರೆ. ಸರ್ಕಾರದ ಪಾಲೇ ಜಾಸ್ತಿ ಇರುವ ಕಡೆ ಓಟು ಹಾಕಿಸಿದರೆ ಏನು ಬದಲಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಫಲಿತಾಂಶ ಬದಲಾಗುತ್ತಿರಲಿಲ್ಲ, ನಿಜ. ಆದರೆ ಓಟು ಕೇಳಲು ಬಂದವರು ಕಾರಣ ಹೇಳಲೇಬೇಕಾಗುತ್ತದೆ. ಈ 158 ಎಲ್ಲಿಂದ ಬಂತು ಎಂದು ಸಭೆಯಲ್ಲಿ ಎದ್ದು ನಿಂತು ಕೇಳಬಹುದಿತ್ತು. ಮಣಿಪಾಲದ ಸುತ್ತಮುತ್ತ ಪಿಗ್ಮಿ ಕಟ್ಟಿ, ಉಳಿದದ್ದರಲ್ಲಿ ನಾಲ್ಕು ಶೇರು ಕೊಂಡ ಮನೆಗಳಿಗೆ ಅಷ್ಟು ಮರ್ಯಾದೆ ಸಲ್ಲಬೇಕಿತ್ತು ಎಂದು ನಾನು ಇವತ್ತಿಗೂ ನಂಬುತ್ತೇನೆ.

ಸಂಶೋಧನೆ ನಮಗೆ ಬೇಕಾಗುವುದು ಇಲ್ಲೇ. ಸರ್ಕಾರಿ ಒಡೆತನದ ಕಂಪನಿಗಳನ್ನು ಹೇಗೆ ನಡೆಸಬೇಕು ಎಂದು ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಸಂಸ್ಥೆ 2005ರಲ್ಲಿ ಮಾರ್ಗಸೂಚಿ ಹೊರಡಿಸಿತು. 2015 ಮತ್ತು 2024ರಲ್ಲಿ ಅದನ್ನು ತಿದ್ದಿತು. ಅದರ ಮುಖ್ಯ ಮಾತು ಸರಳ. ಒಡೆಯನೂ ನಿಯಮ ಮಾಡುವವನೂ ಒಬ್ಬನೇ ಆಗಬಾರದು. ಸಣ್ಣ ಶೇರುದಾರರನ್ನೂ ಸಮಾನವಾಗಿ ನೋಡಬೇಕು. ಸಿಂಗಾಪುರ 1974ರಲ್ಲೇ ತೆಮಾಸೆಕ್ ಎಂಬ ಕಂಪನಿ ಮಾಡಿ ಸರ್ಕಾರದ ಪಾಲುಗಳನ್ನು ಅದಕ್ಕೆ ಒಪ್ಪಿಸಿತು. ನಮ್ಮಲ್ಲೂ 2014ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಪಿ. ಜೆ. ನಾಯಕ್ ಸಮಿತಿ ಇದನ್ನೇ ಹೇಳಿತ್ತು: ರಾಷ್ಟ್ರೀಕರಣದ ಆ ಕಾಯ್ದೆಗಳನ್ನು ರದ್ದು ಮಾಡಿ, ಬ್ಯಾಂಕುಗಳನ್ನು ಕಂಪನಿ ಕಾಯ್ದೆಯಡಿ ತನ್ನಿ, ಸರ್ಕಾರದ ಪಾಲು ನೋಡಿಕೊಳ್ಳಲು ಬೇರೆ ಕಂಪನಿ ಮಾಡಿ. ಆ ಶಿಫಾರಸು ಜಾರಿ ಆಗಿದ್ದಿದ್ದರೆ ನಿಮ್ಮ ಕೈಗೂ ಒಂದು ಓಟು ಬರುತ್ತಿತ್ತು.

ಈ ತೊಂದರೆ ನಮ್ಮ ಊರಿಗೆ ಹೊಸದೇನಲ್ಲ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬಗಳನ್ನು ನೆನೆಸಿಕೊಳ್ಳಿ. ಆಸ್ತಿ ಎಲ್ಲರದ್ದು, ನೋಡಿಕೊಳ್ಳುವುದು ಯಜಮಾನ ಅಥವಾ ಯಜಮಾನ್ತಿ. ಲೆಕ್ಕ ಯಾರು ಕೇಳಬೇಕು, ಮಾರಿದರೆ ಯಾರು ತಡೆಯಬೇಕು ಎಂಬ ವ್ಯಾಜ್ಯ ಎಷ್ಟು ಮನೆಗಳನ್ನು ಕೋರ್ಟಿಗೆ ಹತ್ತಿಸಿತು! ಕೊನೆಗೆ 1949ರ ಕಾಯ್ದೆ ಬಂದು ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಸಿಕ್ಕಿತು. 1932ರಲ್ಲಿ ಅಮೆರಿಕದ ಬರ್ಲಿ ಮತ್ತು ಮೀನ್ಸ್ ಎಂಬಿಬ್ಬರು ದೊಡ್ಡ ಕಂಪನಿಗಳಲ್ಲಿ ಒಡೆಯರು ಬೇರೆ, ನಡೆಸುವವರು ಬೇರೆ ಆಗಿಬಿಟ್ಟಿದ್ದಾರೆ ಎಂದು ಬರೆದರು. ಅಲ್ಲಿಂದ ಇಲ್ಲಿಯವರೆಗಿನ ಕಂಪನಿ ಕಾನೂನಿನ ಸಂಶೋಧನೆಯಲ್ಲಿ ಬಹಳಷ್ಟು ಈ ಒಂದೇ ಪ್ರಶ್ನೆಯ ಸುತ್ತ ಇದೆ.

ಇನ್ನು, ಕಾನೂನು ಬದಲಿಸಿದರೆ ಏನಾದರೂ ಆಗುತ್ತದಾ ಎಂಬ ನಿಮ್ಮ ಮಾತು. ಇದರ ಬಗ್ಗೆ ಪ್ರೊಫೆಸರುಗಳೇ ಜಗಳ ಆಡಿದ್ದಾರೆ. 1998ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು 49 ದೇಶಗಳ ಕಾನೂನು ನೋಡಿ ಸಣ್ಣ ಹೂಡಿಕೆದಾರರ ರಕ್ಷಣೆಗೆ ಅಂಕ ಕೊಟ್ಟರು. ಬ್ರಿಟಿಷ್ ಪದ್ಧತಿಯ ಕಾನೂನು ಇರುವ ದೇಶಗಳು ಮೇಲೆ ಬಂದವು. ಎಲ್ಲ ಕಡೆ ಅದೇ ಮಾತಾಯಿತು. 2010ರಲ್ಲಿ ಕಾನೂನು ಪ್ರೊಫೆಸರ್ ಹೋಲ್ಗರ್ ಸ್ಪಾಮನ್ ಆಯಾ ದೇಶದ ವಕೀಲರ ಸಹಾಯದಿಂದ 46 ದೇಶಗಳ ಅಂಕಗಳನ್ನು ಮತ್ತೆ ಲೆಕ್ಕ ಹಾಕಿದರು. ಎಷ್ಟೋ ಅಂಕ ತಪ್ಪಿದ್ದವು. ತಿದ್ದಿದ ಮೇಲೆ ಹಳೆಯ ಫಲಿತಾಂಶ ನಿಲ್ಲಲಿಲ್ಲ.

ಅಷ್ಟರೊಳಗೆ ಆ ಬಗೆಯ ಅಂಕಗಳ ಮೇಲೆ ವಿಶ್ವಬ್ಯಾಂಕ್ ಒಂದು ದೊಡ್ಡ ಪಟ್ಟಿಯನ್ನೇ ಕಟ್ಟಿತ್ತು. ವ್ಯಾಪಾರ ಮಾಡಲು ಯಾವ ದೇಶ ಸುಲಭ ಎಂದು ವರ್ಷ ವರ್ಷ ಹೇಳುವ 'ಡೂಯಿಂಗ್ ಬಿಸಿನೆಸ್' ಪಟ್ಟಿ ಅದು. ಭಾರತ 142ರಿಂದ 63ನೇ ಸ್ಥಾನಕ್ಕೆ ಬಂದಾಗ ನಮ್ಮ ಪತ್ರಿಕೆಗಳಲ್ಲೂ ದೊಡ್ಡ ಸುದ್ದಿ ಆಗಿತ್ತು. ಆ ಪಟ್ಟಿಯ ಒಳಗನ್ನು ಸ್ವಲ್ಪ ನೋಡಿ. 2020ರ ವರದಿಯಲ್ಲಿ ಸಣ್ಣ ಹೂಡಿಕೆದಾರರ ರಕ್ಷಣೆಯಲ್ಲಿ ಭಾರತಕ್ಕೆ 13ನೇ ಸ್ಥಾನ. ಕರಾರು ಮುರಿದವರ ಮೇಲೆ ಕೋರ್ಟಿನಲ್ಲಿ ಗೆದ್ದು ಹಣ ಪಡೆಯುವುದರಲ್ಲಿ 163ನೇ ಸ್ಥಾನ. ಅದಕ್ಕೆ 1,445 ದಿನ ಬೇಕು ಎಂದು ಅದೇ ವರದಿ ಹೇಳಿತು. ಅದೂ ದೆಹಲಿ ಮತ್ತು ಮುಂಬೈ ಎರಡೇ ಊರು ನೋಡಿ ಕೊಟ್ಟ ಲೆಕ್ಕ. ನಿಮ್ಮ ಹಕ್ಕು ಕಾಗದದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿ ಇದೆ. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ಕೊನೆಯ ಸಾಲು.

ಆ ಪಟ್ಟಿಯ 2018 ಮತ್ತು 2020ರ ವರದಿಗಳಲ್ಲಿ ಅಂಕಗಳ ಗೋಲ್‌ಮಾಲ್ ಆಗಿದೆ ಎಂದು ಗೊತ್ತಾಗಿ 2021ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕ್ ಅದನ್ನು ನಿಲ್ಲಿಸಿತು. 2024ರಲ್ಲಿ 'ಬಿ-ರೆಡಿ' ಎಂಬ ಹೊಸ ವರದಿ ಬಂತು. ಕಾನೂನಿನಲ್ಲಿ ಏನು ಬರೆದಿದೆ ಎಂಬುದರ ಜೊತೆಗೆ, ಸರ್ಕಾರ ಎಂಥ ಸೇವೆ ಕೊಡುತ್ತದೆ, ಕೆಲಸ ನಿಜವಾಗಿ ಹೇಗೆ ಆಗುತ್ತದೆ ಎಂಬುದನ್ನೂ ಅದು ಅಳೆಯುತ್ತದೆ. ಪೆಟ್ಟು ತಿಂದು ಕಲಿತದ್ದು, ಆದರೂ ಒಳ್ಳೆಯದೇ.

ಭಾರತದ ಮೇಲೆಯೇ ಮಾಡಿದ ಒಂದು ಅಧ್ಯಯನ ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಧಮ್ಮಿಕ ಧರ್ಮಪಾಲ ಮತ್ತು ವಿಕ್ರಮಾದಿತ್ಯ ಖನ್ನಾ 2013ರಲ್ಲಿ ಪ್ರಕಟಿಸಿದ್ದು. ಕಂಪನಿ ನಡೆಸುವವರ ಹಂಗಿಲ್ಲದ ಸ್ವತಂತ್ರ ನಿರ್ದೇಶಕರು ಇರಬೇಕು, ಆಡಿಟ್ ಸಮಿತಿ ಇರಬೇಕು ಎಂಬ ನಿಯಮ ನಮ್ಮ ಶೇರುಪೇಟೆಗೆ ಮೊದಲೇ ಬಂದಿತ್ತು. 2004ರಲ್ಲಿ ಆ ನಿಯಮ ಮುರಿದವರಿಗೆ ಭಾರೀ ದಂಡ ಎಂದು ಕಾನೂನು ಬಂತು. ನಿಯಮದ ಜೊತೆ ಆ ದಂಡವೂ ಸೇರಿದ ಮೇಲೆ, ಅದು ಅನ್ವಯಿಸುವ ಕಂಪನಿಗಳ ಮೌಲ್ಯ ಗಮನಿಸುವಷ್ಟು ಏರಿತು ಎಂದು ಅವರು ತೋರಿಸಿದರು.

ದಂಡ ಇದ್ದರೂ ಕಣ್ಣು ತಪ್ಪಿಸುವವರು ಇರುತ್ತಾರೆ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಮಂಡಳಿ, ಅಧ್ಯಕ್ಷರ ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಆ ಮಂಡಳಿಯಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳಿದ್ದರು. ಹೂಡಿಕೆದಾರರು ಗಲಾಟೆ ಎಬ್ಬಿಸಿ ಗಂಟೆಗಳೊಳಗೆ ಅದನ್ನು ನಿಲ್ಲಿಸಿದರು. ಮೂರು ವಾರಕ್ಕೆ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ಕಂಪನಿಯ ಲೆಕ್ಕ ಸುಳ್ಳು ಎಂದು ಬರೆದುಕೊಟ್ಟರು. ಇಂಥದ್ದರಿಂದ ಕಲಿತ ಪಾಠ 2013ರ ಕಾಯ್ದೆಯ 188ನೇ ಸೆಕ್ಷನ್ನಿನಲ್ಲಿ ಇದೆ. ಕಂಪನಿ ತನ್ನವರ ಜೊತೆಗೇ ದೊಡ್ಡ ವ್ಯವಹಾರ ಮಾಡುವಾಗ ಶೇರುದಾರರ ಒಪ್ಪಿಗೆ ಬೇಕು. ಆ ವ್ಯವಹಾರದಲ್ಲಿ ಸ್ವಂತ ಲಾಭ ಇರುವವರು ಅಲ್ಲಿ ಓಟು ಹಾಕುವಂತಿಲ್ಲ.

ಇದು ಸುಮ್ನೆ ಬರೆದಿಟ್ಟ ಮಾತಲ್ಲ, ಟೀಚರೇ. ಮಾರುತಿ ಸುಜುಕಿ ತನ್ನ ಗುಜರಾತ್ ಕಾರ್ಖಾನೆಯನ್ನು ಮಾತೃಸಂಸ್ಥೆಗೆ ಬಿಟ್ಟುಕೊಡಲು ಹೊರಟಾಗ ಹೂಡಿಕೆದಾರರು ತಕರಾರು ತೆಗೆದರು. ಕಂಪನಿ ಷರತ್ತು ಬದಲಿಸಿತು. 2015ರ ಡಿಸೆಂಬರಿನಲ್ಲಿ ಸಣ್ಣವರ ಓಟು ಪಡೆದೇ ಮುಂದೆ ಹೋಯಿತು. 2014ರಲ್ಲಿ ಟಾಟಾ ಮೋಟರ್ಸಿನ ಅಧಿಕಾರಿಗಳ ಸಂಬಳದ ನಿರ್ಣಯಗಳಿಗೆ ಬೇಕಾದ ಮುಕ್ಕಾಲು ಪಾಲು ಒಪ್ಪಿಗೆ ಸಿಗಲಿಲ್ಲ. ಮರುವರ್ಷ ಕಂಪನಿ ಮತ್ತೆ ಶೇರುದಾರರ ಮುಂದೆ ಬಂದು ಕೇಳಬೇಕಾಯಿತು. ಇಲ್ಲಿ ಭಾರ ಹಾಕಿದ್ದು ದೊಡ್ಡ ಫಂಡುಗಳು, ಒಪ್ಪುತ್ತೇನೆ. ಆದರೆ ಆ ಫಂಡುಗಳಲ್ಲಿ ಇರುವುದು ತಿಂಗಳಿಗೊಮ್ಮೆ ಎಸ್‌ಐಪಿ ಕಟ್ಟುವವರ ದುಡ್ಡು. ಮ್ಯೂಚುವಲ್ ಫಂಡುಗಳು ಎಲ್ಲ ನಿರ್ಣಯಗಳಿಗೂ ಓಟು ಹಾಕಲೇಬೇಕು ಎಂದು ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022ರ ಏಪ್ರಿಲಿನಿಂದ ಕಡ್ಡಾಯ ಮಾಡಿದೆ.

ಈಗ ನಿಮ್ಮ ಕೈಯಲ್ಲಿ ಏನಿದೆ ಎಂದು ನೋಡೋಣ. ಸರ್ಕಾರಿ ಬ್ಯಾಂಕಿನಲ್ಲೂ ಸರ್ಕಾರವನ್ನು ಬಿಟ್ಟು ಉಳಿದ ಶೇರುದಾರರು ಸೇರಿ ಮೂವರವರೆಗೆ ನಿರ್ದೇಶಕರನ್ನು ಆರಿಸಬಹುದು. ಆ ಚುನಾವಣೆಯಲ್ಲಿ ಸರ್ಕಾರಕ್ಕೆ ಓಟಿಲ್ಲ. ನೋಟೀಸು ಬಂದಾಗ ಅಭ್ಯರ್ಥಿಗಳು ಯಾರು ಎಂದು ಓದಿ. ವಾರ್ಷಿಕ ಸಭೆಗೆ ಮುಂಬೈಗೋ ಬೆಂಗಳೂರಿಗೋ ಹೋಗಬೇಕಿಲ್ಲ, ಮೊಬೈಲಿನಲ್ಲೇ ಓಟು ಹಾಕಬಹುದು.

ಅಮ್ಮನ ಹೆಸರಿನಲ್ಲಿ ಇನ್ನೊಂದು ಕಂಪನಿಯ ಕಾಗದದ ಸರ್ಟಿಫಿಕೇಟ್ ಕಪಾಟಿನಲ್ಲಿದೆ ಎಂದೂ ಬರೆದಿದ್ದೀರಿ. ಅದನ್ನು ಇಟ್ಟುಕೊಂಡು ಕೂರಬೇಡಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ತೆಗೆದುಕೊಳ್ಳದಿದ್ದರೆ ದುಡ್ಡು ಮಾತ್ರವಲ್ಲ, ಶೇರೇ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. 2025ರ ತಿದ್ದುಪಡಿಯ ನಂತರ ಸರ್ಕಾರಿ ಬ್ಯಾಂಕುಗಳ ಶೇರಿಗೂ ಇದೇ ನಿಯಮ. ಹೋದದ್ದನ್ನು ವಾಪಸ್ ಪಡೆಯಬಹುದು, ಐಇಪಿಎಫ್-5 ಎಂಬ ಅರ್ಜಿ ಇದೆ. ಆದರೆ ಆ ಓಡಾಟ ನಿಮಗೆ ಬೇಡ. ಮೊದಲು ಸರ್ಟಿಫಿಕೇಟಿನ ಫೋಲಿಯೊ ನಂಬರ್ ಹಿಡಿದು ಕಂಪನಿಯ ಶೇರುಗಳ ಲೆಕ್ಕ ಇಡುವ ರಿಜಿಸ್ಟ್ರಾರಿಗೆ ಬರೆಯಿರಿ. ಮರಣ ಪ್ರಮಾಣಪತ್ರ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿ, ಡಿಮ್ಯಾಟಿಗೆ ಹಾಕಿಸಿ. ಅಣ್ಣ-ತಮ್ಮ, ಅಕ್ಕ-ತಂಗಿ ಇದ್ದರೆ ಈಗಲೇ ಕೂರಿಸಿಕೊಂಡು ಮಾತಾಡಿ. ನಾಮಿನಿ ಆದ ಮಾತ್ರಕ್ಕೆ ಶೇರು ಒಬ್ಬರದ್ದೇ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಮುಂದಿನ ಸಲ ಓಟಿನ ನೋಟೀಸು ಬಂದಾಗ ಅರ್ಥವಾಗದ ನಿರ್ಣಯ ಇದ್ದರೆ ನಮ್ಮ ಕಚೇರಿಗೆ ಕಳಿಸಿ, ಕೂತು ಓದಿ ಹೇಳುತ್ತೇವೆ. ಸ್ವಲ್ಪ ಬೇಗ ಕಳಿಸಿ. ಆನ್‌ಲೈನ್ ಓಟು ಕನಿಷ್ಠ ಮೂರು ದಿನ ತೆರೆದಿರುತ್ತದೆ, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ.