ಸ್ವರಲಿಪಿಯ ಹಾಳೆಯಲ್ಲಿ ಇರುವುದನ್ನೇ ನುಡಿಸಬೇಕು ಅಂದಮೇಲೆ, ಪಿಯಾನೋದಲ್ಲಿ ನಮ್ಮತನ ಎಲ್ಲಿಂದ ಬರುತ್ತದೆ?

ಸ್ವರ ಬದಲಾಯಿಸಿ ಅಲ್ಲ. ಎಲ್ಲಿ ಚೂರು ಕಾಯುತ್ತೀರಿ, ಯಾವ ಸ್ವರಕ್ಕೆ ಒತ್ತು ಕೊಡುತ್ತೀರಿ ಅನ್ನೋದರಿಂದ. ಹಾಳೆಯಲ್ಲಿ ‘ಮೆಲ್ಲಗೆ’ ಅಂತ ಇರುತ್ತದೆ, ಎಷ್ಟು ಮೆಲ್ಲಗೆ ಅಂತ ಇರಲ್ಲ. ಜರ್ಮನ್ ಸಂಗೀತ ರಚನಕಾರ ಬಾಖ್ ಅಂತೂ ಎಷ್ಟೋ ಕಡೆ ಅಷ್ಟನ್ನೂ ಬರೆದಿಲ್ಲ. ಅವನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನೋ ಕೃತಿಯ ಮೊದಲ ಭಾಗವನ್ನು ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರ ಧ್ವನಿಮುದ್ರಣದಲ್ಲಿ 2 ನಿಮಿಷದೊಳಗೆ ಮುಗಿಸಿದರು. 1981ರಲ್ಲಿ ಅವರೇ ಮತ್ತೆ ನುಡಿಸಿದಾಗ ಅದಕ್ಕೇ 3 ನಿಮಿಷ ದಾಟಿತು. ಸ್ವರಗಳು ಅವೇ.

ಚಾಮರಾಜಪೇಟೆಯ ರಾಮೋತ್ಸವದಲ್ಲಿ ಒಂದೇ ಕೃತಿಯನ್ನು ಇಬ್ಬರು ಹಾಡಿದರೆ ಬೇರೆ ಬೇರೆ ಅನಿಸುತ್ತದಲ್ವಾ, ಹಾಗೆ. (ಪಿಯಾನೋದಲ್ಲಿ ಸ್ವರ ಜಾರಿಸುವ ಗಮಕ ಮಾತ್ರ ಕೇಳಬೇಡಿ!)

ಒಂದು ಸಾಲನ್ನು ಮೊದಲು ಬಾಯಲ್ಲಿ ಹಾಡಿ. ಉಸಿರು ಬೇಕಾದ ಕಡೆ ಕೈಯನ್ನೂ ಸ್ವಲ್ಪ ಎತ್ತಿ. ಯೂಟ್ಯೂಬ್ ಆಮೇಲೆ ನೋಡಿ. ಮೊದಲೇ ನೋಡಿದರೆ ಇನ್ನೊಬ್ಬರ ನಡೆ ಬೆರಳಿಗೆ ಅಂಟಿಕೊಳ್ಳುತ್ತದೆ.